ಜಲಪಾತಕ್ಕಿಂತ ದಾರಿ ದೊಡ್ಡದು: ಭೀಮಾತೀರದ ಶಾಲೆಗಳಿಗೊಂದು ಬಹಿರಂಗ ಪತ್ರ

ಮಣ್ಣೂರ ಹಾಗೂ ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ಪ್ರೌಢಶಾಲೆಗಳ ಮುಖ್ಯ ಗುರುಗಳಿಗೆ, ಶಿಕ್ಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ ಮತ್ತು ಪಾಲಕರಿಗೆ,



ದಸರೆ ರಜೆ ಮುಗಿದು ಶಾಲೆ ತೆರೆಯುತ್ತಿದ್ದಂತೆ ನಮ್ಮ ಭಾಗದಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಯಾವ ಬಸ್ಸು, ತಲೆಗೆಷ್ಟು ರೂಪಾಯಿ, ಎಷ್ಟು ದಿನ, ಯಾವ ಶಿಕ್ಷಕರು ಜೊತೆಗೆ ಹೋಗುತ್ತಾರೆ ಎಂಬ ಚರ್ಚೆ ನಡೆದು ಕೊನೆಗೆ ಒಂದು ಪಟ್ಟಿ ಸಿದ್ಧವಾಗುತ್ತದೆ. ಆ ಪಟ್ಟಿ ಬಹುತೇಕ ಪ್ರತಿವರ್ಷವೂ ಒಂದೇ: ಹಂಪಿ, ಶೃಂಗೇರಿ, ಹೊರನಾಡು, ಧರ್ಮಸ್ಥಳ, ಉಡುಪಿ, ಮುರುಡೇಶ್ವರ, ನಡುವೆ ಹೊತ್ತು ಉಳಿದರೆ ಯಾವುದಾದರೂ ಒಂದು ಜಲಪಾತ. ಈ ಪತ್ರ ಆ ಕೊನೆಯ ಸಾಲಿನ ಬಗ್ಗೆ. ಹೊರನಾಡಿನಿಂದ ಕಳಸದ ಮೇಲೆ ಕಾರ್ಕಳಕ್ಕೆ ಹೋಗುವ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಡುವೆಯೇ ಹಾಯುತ್ತದೆ. ಅದೇ ರಸ್ತೆಯಲ್ಲಿ, ಸೂತನಬ್ಬಿ ಎಂದೂ ಕರೆಯುವ ಹನುಮಾನಗುಂಡಿ ಜಲಪಾತವಿದೆ. ಅರಣ್ಯ ಇಲಾಖೆಯ ಗೇಟಿನಿಂದ ಮಳೆಕಾಡಿನ ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಗುವ ಸಣ್ಣ ಕಾಲುದಾರಿ ನಮ್ಮನ್ನು ಅದರ ಬುಡಕ್ಕೆ ಮುಟ್ಟಿಸುತ್ತದೆ. ಈ ವರ್ಷದ ಪ್ರವಾಸದಲ್ಲಿ ಆ ಕಾಲುದಾರಿಗೆ ಅರ್ಧ ದಿನ ಮೀಸಲಿಡಿ ಎಂಬುದು ನನ್ನ ಕೋರಿಕೆ. ಜಲಪಾತದ ಮುಂದೆ ಹತ್ತು ನಿಮಿಷ ಸಾಕು. ಉಳಿದ ಹೊತ್ತೆಲ್ಲ ದಾರಿಗೆ ಸಲ್ಲಲಿ. ಬೀಳುವ ನೀರಿನಲ್ಲಿ ಮಕ್ಕಳು ನೋಡುವುದು ಓಡಿಹೋಗುವ ನೀರನ್ನು. ದಾರಿಯಲ್ಲಿ ನೋಡುವುದು ನೆಲ ಹಿಡಿದಿಟ್ಟ ನೀರನ್ನು. ಭೀಮಾತೀರದ ಮಕ್ಕಳು ಜರೂರಾಗಿ ಕಲಿಯಬೇಕಾದದ್ದು ಈ ಎರಡನೆಯದನ್ನು ಎಂಬುದೇ ನನ್ನ ವಾದ.

ಮಲೆನಾಡಿನ ಕಾಡಿಗೂ ನಮ್ಮ ಯರಿಭೂಮಿಗೂ ಏನು ಸಂಬಂಧ ಎಂದು ಕೇಳಿದರೆ ಭೂಪಟವೇ ಉತ್ತರ ಕೊಡುತ್ತದೆ. ಮಣ್ಣೂರ ಭೀಮೆಯ ದಂಡೆಯ ಊರು. ಹೊಳೆ ಉಕ್ಕಿ ಬಂದಾಗ ಯಲ್ಲಮ್ಮನ ಗುಡಿಯನ್ನು ನೀರು ಸುತ್ತುವರಿಯುತ್ತದೆ. ಆಳಂದದ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಜೇವರ್ಗಿಯ ಹೊಲಗಳ ಮಳೆನೀರೂ ಹರಿದು ಹರಿದು ಕೊನೆಗೆ ಸೇರುವುದು ಇದೇ ಹೊಳೆಗೆ. ಈ ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲಿನ ದಟ್ಟ ಹಸಿರು ಕಾಡಿನಲ್ಲಿ. ಜ್ಯೋತಿರ್ಲಿಂಗದ ದರ್ಶನಕ್ಕೆ ಹೋಗುವವರು ಅದನ್ನು ಕ್ಷೇತ್ರವೆಂದು ಬಲ್ಲರು. ಅದು 1985ರಲ್ಲಿ ಘೋಷಣೆಯಾದ ವನ್ಯಧಾಮವೂ ಹೌದು, ಮಹಾರಾಷ್ಟ್ರದ ರಾಜ್ಯಪ್ರಾಣಿಯಾದ ಕೆಂದಳಿಲಿನ ನೆಲೆಯೂ ಹೌದು. ಅದೇ ಘಟ್ಟಸಾಲಿನ ದಕ್ಷಿಣಕ್ಕೆ, ಕುದುರೆಮುಖ ಉದ್ಯಾನದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ನೇತ್ರಾವತಿ ಪಡುವಣಕ್ಕೆ ಹೋದರೆ ತುಂಗಾ ಭದ್ರಾ ಎರಡೂ ಕೂಡ್ಲಿಯಲ್ಲಿ ಒಂದಾಗಿ ಮೂಡಣಕ್ಕೆ ಹರಿದು ಕೃಷ್ಣೆಗೆ ಸೇರುತ್ತವೆ. ನಮ್ಮ ಭೀಮೆ ರಾಯಚೂರು ಸೀಮೆಯಲ್ಲಿ ಅದೇ ಕೃಷ್ಣೆಗೆ ಸೇರಿರುತ್ತದೆ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ನಮ್ಮ ಜನ ಅಲ್ಲಿ ಮೀಯುವ ಕೃಷ್ಣೆಯ ನೀರಿನಲ್ಲಿ ಭೀಮಾಶಂಕರದ ಕಾಡಿನ ಪಾಲೂ ಇದೆ, ಕುದುರೆಮುಖದ ಕಾಡಿನ ಪಾಲೂ ಇದೆ.

ಇನ್ನೊಂದು ಸಂಬಂಧ ಇದಕ್ಕಿಂತ ಕಠಿಣವಾದದ್ದು. ಆಗುಂಬೆ, ಕುದುರೆಮುಖದ ಸೀಮೆಯಲ್ಲಿ ವರ್ಷಕ್ಕೆ 6,000ರಿಂದ 7,000 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಕಲಬುರಗಿ ಜಿಲ್ಲೆಯಲ್ಲಿ 700ರಿಂದ 800 ಮಿಲಿಮೀಟರಿನ ಆಸುಪಾಸು. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಘಟ್ಟ ಹತ್ತುವಾಗಲೇ ಕರಗಿ ಸುರಿದುಹೋಗುತ್ತವೆ. ಘಟ್ಟದ ಬೆನ್ನಿಗಿರುವ ನಾವು ಮಳೆ ನೆರಳಿನ ನಾಡಿನವರು. ಘಟ್ಟ ನಮ್ಮ ಮಳೆಯನ್ನು ತಡೆಯುತ್ತದೆ, ಬದಲಿಗೆ ಹೊಳೆಯನ್ನು ಕಳಿಸುತ್ತದೆ. ಆ ಹೊಳೆ ಎಷ್ಟು ದಿನ ಹರಿಯಬೇಕು, ಎಷ್ಟು ತಿಳಿಯಾಗಿ ಹರಿಯಬೇಕು ಎಂಬುದನ್ನು ನಿರ್ಧರಿಸುವುದರಲ್ಲಿ ಘಟ್ಟದ ನೆಲದ ಪಾಲು ದೊಡ್ಡದು. ಭೂಗೋಳದ ಪಾಠದಲ್ಲಿ ಮಳೆ ನೆರಳು ಎಂಬ ಪದವನ್ನು ಬಾಯಿಪಾಠ ಮಾಡಿ ಅಂಕ ಗಳಿಸುವ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟು ಜನ ಆ ನೆರಳಿನ ಆಚೆ ಬದಿಯನ್ನು ಕಣ್ಣಾರೆ ಕಂಡಿದ್ದಾರೆ? ಬಸ್ಸಿನ ಕಿಟಕಿಯಿಂದ ಕಂಡವರು ಇರಬಹುದು. ಕಿಟಕಿಯಿಂದ ಕಾಡು ಹಸಿರು ಗೋಡೆಯಷ್ಟೇ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಕಾಲಿನ ವೇಗದಲ್ಲಿ ಮಾತ್ರ ಕಾಣುತ್ತದೆ.

ದಾರಿಯಲ್ಲಿ ಏನು ಕಾಣುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಸ್ತೆ ಬಿಟ್ಟು ಕೆಳಗಿಳಿಯುತ್ತಿದ್ದಂತೆ ಬೆಳಕು ಕಡಿಮೆಯಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಧೂಪ, ಹೆಬ್ಬಲಸು, ನಾಗಸಂಪಿಗೆ, ರಾಮಪತ್ರೆಯಂಥ ಮರಗಳು ಬಿಸಿಲಿಗಾಗಿ ಮೇಲಕ್ಕೇರಿ ಒಂದಕ್ಕೊಂದು ತಲೆ ಕೂಡಿಸಿಕೊಂಡಿರುವ ಕಾಡು ಘಟ್ಟದ ಈ ಭಾಗದ್ದು. ಮಕ್ಕಳಿಗೆ ಮೂರೇ ವಸ್ತು ತೋರಿಸಿದರೆ ಸಾಕು. ಮೊದಲನೆಯದು ಒಂದು ಎಲೆ. ಇಲ್ಲಿನ ಬಹಳಷ್ಟು ಗಿಡಗಳ ಎಲೆ ದಪ್ಪ, ನುಣುಪು. ತುದಿ ಮಾತ್ರ ಉದ್ದಕ್ಕೆ ಚೂಪಾಗಿ ಇಳಿದಿರುತ್ತದೆ. ಕುಡಿಯುವ ಬಾಟಲಿಯಿಂದ ಅದರ ಮೇಲೆ ನಾಲ್ಕು ಹನಿ ಬಿಡಿ. ನೀರು ಎಲೆಯ ಮೇಲೆ ನಿಲ್ಲದೆ ನಡುನರದ ಗುಂಟ ಸರಿದು, ಚೂಪಿನ ತುದಿಗೆ ಬಂದು, ಹನಿಹನಿಯಾಗಿ ಉದುರುತ್ತದೆ. ಮುಗಿಲಿನಿಂದ ರಭಸವಾಗಿ ಬಿದ್ದ ಮಳೆ ಎಲೆಯಿಂದ ಎಲೆಗೆ ಇಳಿಯುತ್ತ, ತೊಗಟೆಯ ಪಾಚಿಯಲ್ಲಿ ತಂಗುತ್ತ, ನೆಲ ಮುಟ್ಟುವಾಗ ತನ್ನ ಪೆಟ್ಟನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಎರಡನೆಯದು ಮರದ ಬುಡದ ತರಗು. ನಮ್ಮ ಮನೆಗಳ ಕೌದಿಯ ಹಾಗೆ ಅದು ಪದರ ಪದರವಾಗಿರುತ್ತದೆ: ಮೇಲೆ ನಿನ್ನೆ ಮೊನ್ನೆ ಬಿದ್ದ ಗರಿಗರಿ ಎಲೆ, ಅದರ ಕೆಳಗೆ ನರಗಳಷ್ಟೇ ಉಳಿದ ಹಳೆಯ ಎಲೆ, ಇನ್ನೂ ಕೆಳಗೆ ಬಿಳಿ ಬೂಸ್ಟಿನ ಎಳೆಗಳು ಹಬ್ಬಿದ ಕಪ್ಪು ಪುಡಿ, ಕೊನೆಗೆ ಬೆರಳಿಟ್ಟರೆ ಒಳಗಿಳಿಯುವ ತೇವದ ಮಣ್ಣು. ಮಳೆಗಾಲ ಕಳೆದು ಎರಡು ತಿಂಗಳಾದರೂ ಆ ಮಣ್ಣು ಬೆರಳಿಗೆ ತಣ್ಣಗೆ ಹತ್ತುತ್ತದೆ. ಮೂರನೆಯದು ದಾರಿಯ ಪಕ್ಕದ ಝರಿಯ ನೀರು. ಅದನ್ನು ಬೊಗಸೆಯಲ್ಲಿ ಹಿಡಿದರೆ ಅಂಗೈಯ ಗೆರೆಗಳು ಸ್ಪಷ್ಟವಾಗಿ ಕಾಣಬೇಕು. ಅಂಥ ಮಳೆ ಸುರಿಯುವ ಇಳಿಜಾರಿನಿಂದ ಇಳಿದ ನೀರಿನಲ್ಲಿ ಮಣ್ಣೇ ಇಲ್ಲ ಏಕೆ ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟಬೇಕು. ಎಲೆಯೂ ತರಗೂ ಅದಕ್ಕೆ ಉತ್ತರವನ್ನು ಆಗಲೇ ಹೇಳಿರುತ್ತವೆ.

ಉತ್ತರ ಕನ್ನಡದ ಘಟ್ಟದಲ್ಲಿ ಜಲವಿಜ್ಞಾನಿಗಳು ನೆಲಕ್ಕೆ ನೀರಿಂಗುವ ವೇಗವನ್ನು ಅಳೆದು ನೋಡಿದ್ದಾರೆ. ತುಳಿತ, ಕಡಿತ, ಮೇವಿನಿಂದ ಸೊರಗಿದ ನೆಲಕ್ಕಿಂತ ಸ್ವಾಭಾವಿಕ ಕಾಡಿನ ಮೇಲ್ಮಣ್ಣು ನೀರನ್ನು ಹೆಚ್ಚು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ಅವರ ಅಳತೆಯ ಸಾರ. ಒಳಗಿಳಿದ ನೀರು ಬೇರುಗಳ ಜಾಡಿನಲ್ಲಿ, ಎರೆಹುಳು ಗೆದ್ದಲು ಕೊರೆದ ರಂಧ್ರಗಳಲ್ಲಿ ಸಾಗಿ, ವಾರ ತಿಂಗಳುಗಳ ನಂತರ ಇಳಿಜಾರಿನ ಕೆಳಗೆ ಒರತೆಯಾಗಿ ಹೊರಬರುತ್ತದೆ. ಮಳೆ ನಿಂತ ಮೇಲೂ ಮಲೆನಾಡಿನ ಹಳ್ಳಗಳು ಹರಿಯುವುದು ಹೀಗೆ. ಕಾಡು ಮಾಡುವ ಕೆಲಸವನ್ನು ಅತಿಯಾಗಿ ಹೊಗಳಬಾರದು. ಭೂಮಿ ತಣಿದ ಮೇಲೆ ದಿನಗಟ್ಟಲೆ ಜಡಿಮಳೆ ಹಿಡಿದರೆ ಎಂಥ ಕಾಡೂ ಪ್ರವಾಹವನ್ನು ತಡೆಯಲಾರದು. ಮರಗಳು ತಾವೂ ನೀರು ಕುಡಿಯುತ್ತವೆ. ಆದರೆ ಸಾಮಾನ್ಯ ಮಳೆಯನ್ನು ನಿಧಾನಗೊಳಿಸಿ, ತಿಳಿಗೊಳಿಸಿ, ಬೇಸಿಗೆಯ ಕಡೆಗೆ ಮುಂದೂಡುವ ಕೆಲಸದಲ್ಲಿ ಇಂಥ ನೆಲಕ್ಕೆ ಸಾಟಿಯಿಲ್ಲ. ಜಲಪಾತ ಈ ಕೆಲಸದ ಕೊನೆಯ ದೃಶ್ಯ ಮಾತ್ರ. ಅದನ್ನಷ್ಟೇ ನೋಡಿ ಬಂದ ಮಗು ನೀರಿನ ಸದ್ದನ್ನು ಕೇಳಿ ಬಂದಿರುತ್ತದೆ. ನೀರು ಎಲ್ಲಿಂದ ಬಂತು, ಏಕೆ ಇನ್ನೂ ಬರುತ್ತಿದೆ ಎಂಬುದನ್ನು ಕೇಳಿರುವುದಿಲ್ಲ.

ಈ ನೆಲ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಬೇರೆಲ್ಲೋ ಹುಡುಕಬೇಕಿಲ್ಲ, ಕುದುರೆಮುಖದಲ್ಲೇ ಇದೆ. 1976ರಲ್ಲಿ ಕೇಂದ್ರ ಸರ್ಕಾರದ ಉದ್ಯಮವಾಗಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಭದ್ರೆಯ ತಲೆಯಲ್ಲೇ ಗುಡ್ಡ ಅಗೆಯಿತು. ಅದಿರು ತೆಗೆದು ಉಳಿದ ಕೆಸರನ್ನು ತುಂಬಲು ಲಕ್ಯಾ ಅಣೆಕಟ್ಟು ಎದ್ದಿತು. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿದ ಸಮೀಕ್ಷೆ ಈ ಕಾಡು ಸಿಂಗಳೀಕಗಳ ಮುಖ್ಯ ನೆಲೆ ಎಂದು ತೋರಿಸಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರಿನ ಪ್ರದೇಶ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಗಣಿ ಮಾತ್ರ ನಡೆದೇ ಇತ್ತು. ಮಳೆಗಾಲದಲ್ಲಿ ಭದ್ರೆಯ ನೀರನ್ನು ಅಳೆದ ಸಂಶೋಧಕರು ಕಂಡದ್ದು ಇದು: ಇಡೀ ಜಲಾನಯನದಲ್ಲಿ ಗಣಿಯ ನೆಲ ಅತಿ ಸಣ್ಣ ಪಾಲು, ಆದರೆ ಹೊಳೆ ಹೊತ್ತು ತರುವ ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದು. ಪರಿಸರ ಸಂಘಟನೆಗಳ ದೀರ್ಘ ಹೋರಾಟ, ಕಾನೂನಿನ ಮೊಕದ್ದಮೆಗಳ ನಂತರ 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಲು ಆದೇಶ ಕೊಟ್ಟಿತು, 2005ರ ಕೊನೆಗೆ ಅಗೆತ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅವುಗಳಲ್ಲಿ ಕುದುರೆಮುಖವೂ ಇತ್ತು. ಒಂದೇ ಘಟ್ಟ, ಒಂದೇ ಮಳೆ. ಮೈಮೇಲೆ ಕಾಡಿದ್ದ ಇಳಿಜಾರು ತಿಳಿನೀರು ಕೊಟ್ಟಿತು, ಮೈ ಬಿಚ್ಚಿದ ಇಳಿಜಾರು ಕೆಸರು ಕೊಟ್ಟಿತು. ವಿಜ್ಞಾನದ ಪ್ರಯೋಗಾಲಯದಲ್ಲಿ ಇಷ್ಟು ದೊಡ್ಡ ಪ್ರಯೋಗವನ್ನು ಯಾವ ಶಾಲೆಯೂ ಮಾಡಿ ತೋರಿಸಲಾರದು.

ಈಗ ಊರಿಗೆ ಬರೋಣ. ಕಾಡಿನ ತರಗು ಅಲ್ಲಿ ಮಾಡುವ ಕೆಲಸವನ್ನು ಭೀಮೆಯ ಪಾತ್ರದಲ್ಲಿ ಮಾಡುವುದು ಉಸುಕು. ಹೊಳೆ ಹರಿಯುವಾಗ ಉಸುಕಿನ ದಪ್ಪ ಹಾಸು ನೀರು ಕುಡಿದುಕೊಂಡು, ಹರಿವು ನಿಂತ ಮೇಲೆ ದಂಡೆಯ ಬಾವಿ ಬೋರ್‌ವೆಲ್‌ಗಳಿಗೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಅದನ್ನು ಟಿಪ್ಪರುಗಟ್ಟಲೆ ಹೊತ್ತೊಯ್ದ ಕಡೆ ಹೊಳೆಯ ತಳ ಕುಸಿಯುತ್ತದೆ, ಬಾವಿಯ ನೀರು ಅದರ ಹಿಂದೆಯೇ ಇಳಿಯುತ್ತದೆ. ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಜನಕ್ಕೆ ಅಕ್ರಮ ಮರಳುಗಾರಿಕೆಯ ಕತೆ ಹೊಸದೇನಲ್ಲ. ಬೇಸಿಗೆ ಬಂತೆಂದರೆ ಉಜನಿ ಜಲಾಶಯದಿಂದ ಭೀಮೆಗೆ ನೀರು ಬಿಡಿಸಿ ಎಂದು ಅಫಜಲಪುರದಲ್ಲಿ ಧರಣಿ, ಉಪವಾಸ ನಡೆದಿವೆ. ಆ ಬೇಡಿಕೆ ನ್ಯಾಯವಾದದ್ದೇ. ಮಳೆ ಹೆಚ್ಚಾದ ವರ್ಷ ಇದೇ ಹೊಳೆ ಊರಿಗೆ ನುಗ್ಗುತ್ತದೆ: 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮೆಯ ಪ್ರವಾಹ ಈ ಭಾಗದ ಹೊಲ ಮನೆಗಳನ್ನು ಮುಳುಗಿಸಿದ್ದನ್ನು ಯಾರೂ ಮರೆತಿಲ್ಲ. ಆ ನೀರಿನಲ್ಲಿ ಘಟ್ಟದ ಮಳೆಯಷ್ಟೇ ಅಲ್ಲ, ಮರವಿಲ್ಲದ ಬಯಲಿನ ಮೇಲೆ ಸುರಿದು ಒಂದೇ ಓಟಕ್ಕೆ ಹೊಳೆಗಿಳಿದ ಮಳೆಯೂ ಇತ್ತು. ಬೇಸಿಗೆಯಲ್ಲಿ ನೀರಿಲ್ಲ, ಮಳೆಗಾಲದಲ್ಲಿ ನೀರು ತಡೆಯಲಾಗುತ್ತಿಲ್ಲ. ಇವೆರಡೂ ಬೇರೆ ಬೇರೆ ಕಷ್ಟಗಳೆಂದು ನಾವು ಭಾವಿಸಿದ್ದೇವೆ. ನೀರನ್ನು ನಿಲ್ಲಿಸಿಕೊಳ್ಳುವ ನೆಲ ಕಡಿಮೆಯಾದದ್ದು ಎರಡರ ಹಿಂದೆಯೂ ಇರುವ ಕಾರಣಗಳಲ್ಲೊಂದು. ಬದು, ಕೃಷಿಹೊಂಡ, ಹಳ್ಳದ ದಂಡೆಯ ಗಿಡಮರ, ಹೊಳೆಯ ಉಸುಕು ಇವೆಲ್ಲ ಒಂದೇ ಸಂಗತಿಯ ಬೇರೆ ಬೇರೆ ರೂಪ ಎಂಬುದು ಮಳೆಕಾಡಿನಲ್ಲಿ ಬೆರಳಿಟ್ಟು ಮಣ್ಣು ಮುಟ್ಟಿ ಬಂದ ಮಗುವಿಗೆ ಬೇಗ ಅರ್ಥವಾಗುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೊದಲನೆಯದು ದೂರ ಮತ್ತು ಖರ್ಚು. ಕಲಬುರಗಿಯಿಂದ ಕುದುರೆಮುಖ ಸುಮಾರು 600 ಕಿಲೋಮೀಟರ್. ಕೂಲಿ ಮಾಡುವ ತಾಯಿ ತಂದೆ ಮಗುವಿನ ಪ್ರವಾಸಕ್ಕೆ ದುಡ್ಡು ಹೊಂದಿಸುವುದು ಎಷ್ಟು ಕಷ್ಟ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿಯೇ ನಾನು ಹೊಸ ಪ್ರವಾಸ ಕೇಳುತ್ತಿಲ್ಲ. ಶೃಂಗೇರಿ, ಹೊರನಾಡು, ಧರ್ಮಸ್ಥಳಕ್ಕೆ ಹೇಗೂ ಹೋಗುವ ಬಸ್ಸು ಕಳಸ–ಕಾರ್ಕಳದ ರಸ್ತೆ ಹಿಡಿದರೆ ಉದ್ಯಾನ ದಾರಿಯಲ್ಲೇ ಸಿಗುತ್ತದೆ. ಬೇಕಾದದ್ದು ಅರ್ಧ ದಿನ ಮತ್ತು ಪ್ರವೇಶ ಶುಲ್ಕ. ಆ ಅರ್ಧ ದಿನಕ್ಕೆ ಜಾಗ ಮಾಡಲು ಪಟ್ಟಿಯಿಂದ ಒಂದು ಊರನ್ನು ಬಿಡಬೇಕಾಗಬಹುದು. ನಾಲ್ಕು ದಿನದಲ್ಲಿ ಹನ್ನೊಂದು ಸ್ಥಳ ನೋಡಿ ಬಸ್ಸಿನಲ್ಲೇ ನಿದ್ದೆ ಮಾಡಿ ಬಂದ ಮಕ್ಕಳಿಗೆ ಯಾವ ಸ್ಥಳವೂ ನೆನಪಿನಲ್ಲಿ ಉಳಿಯುವುದಿಲ್ಲ ಎಂಬುದು ಪ್ರವಾಸಕ್ಕೆ ಹೋಗಿ ಬಂದ ಪ್ರತಿ ಶಿಕ್ಷಕರಿಗೂ ತಿಳಿದ ಮಾತು. ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ಕರ್ನಾಟಕ ದರ್ಶನದಂಥ ಯೋಜನೆಯಿದೆ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಕಾರ್ಯಕ್ರಮವೂ ಇದೆ. ಇವುಗಳ ಬಗ್ಗೆ ಬಿಇಒ ಕಚೇರಿಯಲ್ಲಿ, ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಹಾಕುವುದಕ್ಕೆ ಖರ್ಚಿಲ್ಲ.

ಎರಡನೆಯ ಆಕ್ಷೇಪ ಅಪಾಯದ್ದು, ಇದು ಅತ್ಯಂತ ಗಂಭೀರವಾದದ್ದು. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ತುದಿಯಲ್ಲಿ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಜಲಪಾತದ ಪಾಲಾದ. ಗೆಳೆಯನ ಮೊಬೈಲಿನಲ್ಲಿ ಚಿತ್ರೀಕರಣ ನಡೆದೇ ಇತ್ತು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಇಂಥ ಸುದ್ದಿ ಓದಿದ ಪಾಲಕರು ಮಗುವನ್ನು ನೀರಿರುವ ಜಾಗಕ್ಕೆ ಕಳಿಸಲು ಹಿಂಜರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ದುರಂತಗಳನ್ನು ಸರಿಯಾಗಿ ಓದಿಕೊಳ್ಳಬೇಕು. ಜೀವ ಹೋದದ್ದು ನೀರಿಗಿಳಿದಾಗ, ಬಂಡೆಯ ಅಂಚಿಗೆ ಹೋದಾಗ. ನೀರೇ ಗುರಿಯಾದ ಪ್ರವಾಸದಲ್ಲಿ ಮಕ್ಕಳು ನೀರಿನ ಕಡೆಗೆ ಓಡುತ್ತಾರೆ, ಅವಸರದಲ್ಲಿರುವ ಶಿಕ್ಷಕರು ಹಿಂದೆ ಉಳಿಯುತ್ತಾರೆ. ದಾರಿಯೇ ಗುರಿಯಾದರೆ ಈ ಲೆಕ್ಕ ಬದಲಾಗುತ್ತದೆ. ಹದಿನೈದು ಮಕ್ಕಳಿಗೆ ಒಬ್ಬರು ಶಿಕ್ಷಕರು, ಮುಂದೊಬ್ಬರು ಹಿಂದೊಬ್ಬರು, ಎಲ್ಲರ ಕಾಲಲ್ಲೂ ಹಿಡಿತವಿರುವ ಚಪ್ಪಲಿ ಅಥವಾ ಬೂಟು, ನೀರಿಗಿಳಿಯುವುದು ಸಂಪೂರ್ಣ ನಿಷೇಧ, ಜಲಪಾತವನ್ನು ದೂರ ನಿಂತು ನೋಡುವುದು. ನಮ್ಮ ಪ್ರವಾಸಗಳು ನಡೆಯುವ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಘಟ್ಟದ ಮಳೆ ತಗ್ಗಿರುತ್ತದೆ, ಇಂಬಳದ ಕಾಟ ಕಡಿಮೆ. ಜಲಪಾತ ಆಗ ಸೊರಗಿರುತ್ತದೆ ಎಂದು ಕೆಲವರು ಬೇಸರಪಡಬಹುದು. ನನ್ನ ದೃಷ್ಟಿಯಲ್ಲಿ ಅದೇ ತಕ್ಕ ಕಾಲ. ಮಳೆ ನಿಂತ ಮೇಲೂ ಹರಿಯುವ ನೀರನ್ನು ತೋರಿಸಬೇಕಾದರೆ ಮಳೆ ನಿಂತ ಮೇಲೆಯೇ ಹೋಗಬೇಕು.

ನಮ್ಮ ಜಿಲ್ಲೆಯಲ್ಲೇ ಚಿಂಚೋಳಿ ಇರುವಾಗ ಅಷ್ಟು ದೂರ ಏಕೆ ಎಂಬುದು ಮೂರನೆಯ ಮಾತು. ಇದು ಆಕ್ಷೇಪಕ್ಕಿಂತ ಹೆಚ್ಚಾಗಿ ಒಳ್ಳೆಯ ಸಲಹೆ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಧಾಮ ಸುಮಾರು 135 ಚದರ ಕಿಲೋಮೀಟರಿನ ಕಾಡು. ಅದೇ ತಾಲೂಕಿನಲ್ಲಿ ಎತ್ತಿಪೋತ ಜಲಪಾತವಿದೆ, ಚಂದ್ರಂಪಳ್ಳಿ ಜಲಾಶಯವಿದೆ. ಬೆಳಿಗ್ಗೆ ಹೊರಟು ರಾತ್ರಿ ಮರಳಬಹುದು. ಎಂಟನೆಯ ತರಗತಿಯ ಮಕ್ಕಳನ್ನು ಮೊದಲು ಅಲ್ಲಿಗೇ ಕರೆದೊಯ್ಯಿರಿ, ದೂರದ ಪ್ರವಾಸಕ್ಕೆ ದುಡ್ಡು ಹೊಂದದ ಶಾಲೆಗಳು ಅಷ್ಟನ್ನೇ ಮಾಡಿದರೂ ದೊಡ್ಡ ಕೆಲಸ. ಅಲ್ಲಿನದು ಬೇಸಿಗೆಗೆ ಎಲೆ ಉದುರಿಸಿ ಬದುಕುಳಿಯುವ ಬಯಲುಸೀಮೆಯ ಕಾಡು. ಕಡಿಮೆ ಮಳೆಯಲ್ಲಿ ಕಾಡು ಹೇಗೆ ಬಾಳುತ್ತದೆ ಎಂಬುದನ್ನು ಅದು ಕಲಿಸುತ್ತದೆ. ಅಪಾರ ಮಳೆಯನ್ನು ಕಾಡು ಹೇಗೆ ಸಂಭಾಳಿಸುತ್ತದೆ ಎಂಬುದನ್ನು ಕುದುರೆಮುಖ ಕಲಿಸುತ್ತದೆ. ಎರಡನ್ನೂ ಕಂಡ ಮಗುವಿಗೆ ಹೋಲಿಸಿ ನೋಡುವ ಶಕ್ತಿ ಬರುತ್ತದೆ. ಮಲೆನಾಡಿನ ಹಸಿರು ಕಂಡು ನಮ್ಮ ಮಕ್ಕಳಿಗೆ ತಮ್ಮ ಸೀಮೆಯ ಬಗ್ಗೆ ಕೀಳರಿಮೆ ಹುಟ್ಟೀತು ಎಂಬ ಆತಂಕಕ್ಕೂ ಇಲ್ಲಿಯೇ ಉತ್ತರವಿದೆ. 700 ಮಿಲಿಮೀಟರ್ ಮಳೆಯಲ್ಲಿ ತೊಗರಿ, ಜೋಳ ಬೆಳೆದು ದೇಶಕ್ಕೆ ಬೇಳೆ ಕೊಡುವ ನೆಲ ಸಾಮಾನ್ಯದ್ದಲ್ಲ. ಯರಿಮಣ್ಣು ಮಳೆಗಾಲದ ತೇವವನ್ನು ಹಿಂಗಾರಿನವರೆಗೆ ಹಿಡಿದಿಟ್ಟುಕೊಳ್ಳುವುದರಿಂದಲೇ ಬಿಳಿಜೋಳ ಬರುತ್ತದೆ. ನೀರು ಹಿಡಿಯುವ ವಿದ್ಯೆಯಲ್ಲಿ ನಮ್ಮ ಮಣ್ಣೂ ನುರಿತದ್ದೇ ಎಂಬುದು ಆ ಕಾಡಿನಲ್ಲಿ ನಿಂತಾಗ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕೊನೆಯ ಆಕ್ಷೇಪ ಕಾಡಿನ ಪರವಾಗಿ ಬರುವಂಥದ್ದು, ಅದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ರಾಷ್ಟ್ರೀಯ ಉದ್ಯಾನ ಇರುವುದು ಸಿಂಗಳೀಕ, ಕಾಟಿ, ಹುಲಿಗಳಿಗಾಗಿ. ಅಲ್ಲಿಗೆ ಬಸ್ಸುಗಟ್ಟಲೆ ಮಕ್ಕಳನ್ನು ತುಂಬಿಕೊಂಡು ಹೋಗುವುದು ಸರಿಯೇ ಎಂದು ಕೇಳುವವರಿದ್ದಾರೆ. 2024ರ ಜನವರಿಯ ಒಂದು ವಾರಾಂತ್ಯದಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ನೆರೆದು ಚಾರಣವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆಮೇಲೆ ಅರಣ್ಯ ಇಲಾಖೆ ಚಾರಣಪಥಗಳಿಗೆ ಆನ್‌ಲೈನ್ ನೋಂದಣಿ ತಂದು ದಿನಕ್ಕೆ 300 ಜನರ ಮಿತಿ ಹಾಕಿತು. ಆ ಮಿತಿ ಅಗತ್ಯವಾಗಿತ್ತು. ನಾನು ಹೇಳುವ ನಡಿಗೆ ಶಿಖರದ ಚಾರಣವಲ್ಲ. ಇಲಾಖೆಯೇ ತೆರೆದಿಟ್ಟಿರುವ, ರಸ್ತೆಗೆ ಹತ್ತಿರದ, ಮೆಟ್ಟಿಲು ಕಟ್ಟಿದ ದಾರಿಯದ್ದು. ಹಾಗಿದ್ದರೂ ಶಿಸ್ತು ಬೇಕು. ಚಿಪ್ಸ್ ಪೊಟ್ಟಣ, ನೀರಿನ ಪೌಚು ಬಸ್ಸಿನಲ್ಲೇ ಉಳಿಯಲಿ. ಧ್ವನಿವರ್ಧಕ, ಶಿಳ್ಳೆ, ಕೂಗಾಟ ಬೇಡ. ಎಲೆ ಕೀಳುವುದು ಬೇಡ. ಸರಿಸಿದ ತರಗನ್ನು ಮತ್ತೆ ಮುಚ್ಚಿ ಬರಲಿ. ಮಂಗಗಳಿಗೆ ತಿಂಡಿ ಎಸೆಯದಿರಲಿ. ವಾರದ ನಡುವಿನ ದಿನ ಆರಿಸಿಕೊಂಡು ಮೊದಲೇ ಅರಣ್ಯ ಇಲಾಖೆಗೆ ತಿಳಿಸಿದರೆ ಗದ್ದಲವೂ ತಪ್ಪುತ್ತದೆ. ಆ ಕಾಡು ಜನರಿಲ್ಲದ ಜಾಗವಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಮಲೆಕುಡಿಯರಂಥ ಸಮುದಾಯಗಳು ತಲೆಮಾರುಗಳಿಂದ ಅಲ್ಲಿ ಬಾಳಿವೆ. ಉದ್ಯಾನದ ಘೋಷಣೆಯಿಂದ ಅವರ ಬದುಕು ಬಿಗಿಯಾಯಿತು, ಪುನರ್ವಸತಿಯ ಪ್ರಶ್ನೆ ವರ್ಷಗಟ್ಟಲೆ ಕಾಡಿತು. ಕಾಡು ಉಳಿಯುವುದರ ಲಾಭ ಬಯಲಿನವರಿಗೆ, ಭಾರ ಅಲ್ಲಿನ ಬಡವರಿಗೆ ಎಂಬಂತಾಗಬಾರದು ಎಂಬ ವಿವೇಕವೂ ಈ ಪಾಠದ ಭಾಗ. ಇಷ್ಟೆಲ್ಲ ಎಚ್ಚರದ ನಂತರವೂ ಮಕ್ಕಳು ಅಲ್ಲಿಗೆ ಹೋಗಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ. ಕುದುರೆಮುಖದ ಗಣಿ ನಿಂತದ್ದು ಆ ಕಾಡನ್ನು ಬಲ್ಲ ಜನ ಅದರ ಪರವಾಗಿ ಮಾತಾಡಿದ್ದರಿಂದ. ನದಿಯ ಕೆಳಗಿನ ದಂಡೆಯಲ್ಲಿರುವ ಲಕ್ಷಾಂತರ ಜನ ನದಿಯ ತಲೆಯನ್ನು ಒಮ್ಮೆಯೂ ಕಾಣದಿದ್ದರೆ ಅದರ ಪರವಾಗಿ ನಿಲ್ಲುವವರ ಸಂಖ್ಯೆ ಯಾವಾಗಲೂ ಚಿಕ್ಕದಾಗಿಯೇ ಇರುತ್ತದೆ.

ಆದ್ದರಿಂದ ನನ್ನ ಕೋರಿಕೆಯನ್ನು ಕೆಲಸದ ರೂಪದಲ್ಲಿ ಹೇಳುತ್ತೇನೆ. ಪ್ರವಾಸದ ವಿಷಯ ಎಸ್‌ಡಿಎಂಸಿ ಸಭೆಗೆ ಬಂದಾಗ ಈ ನಡಿಗೆಯನ್ನು ಪಾಠವೆಂದೇ ಬರೆಸಿ, ಬಿಇಒ ಕಚೇರಿಗೆ ಕಳಿಸುವ ಅನುಮತಿ ಪತ್ರದಲ್ಲಿ ಅದಕ್ಕೆ ಅರ್ಧ ದಿನ ತೋರಿಸಿ. ಹೊರಡುವ ಮುನ್ನ ಒಂದು ತಾಸು ಕೃಷ್ಣಾ ಕಣಿವೆಯ ಭೂಪಟದ ಮೇಲೆ ಕೂರಿ. ಭೀಮಾಶಂಕರದಿಂದ ಮಣ್ಣೂರದವರೆಗೆ, ಗಂಗಾಮೂಲದಿಂದ ಶ್ರೀಶೈಲದವರೆಗೆ ಮಕ್ಕಳೇ ಬೆರಳಿನಿಂದ ದಾರಿ ಎಳೆಯಲಿ. ಕಾಡಿನಲ್ಲಿ ಎಲೆ, ಮಣ್ಣು, ನೀರು ಈ ಮೂರನ್ನು ನೋಡಿ ಪ್ರತಿಯೊಬ್ಬರೂ ನಾಲ್ಕು ಸಾಲು ಬರೆಯಲಿ. ಅಲ್ಲಿ ಐದು ನಿಮಿಷ ಎಲ್ಲರೂ ಬಾಯಿ ಮುಚ್ಚಿ ನಿಂತು ಕೇಳಿಸಿದ್ದನ್ನು ಪಟ್ಟಿ ಮಾಡಲಿ. ಮರಳಿದ ವಾರದಲ್ಲೇ ಇಕೋ ಕ್ಲಬ್ಬಿನ ಹೆಸರಿನಲ್ಲಿ, ದೊಡ್ಡವರ ಜೊತೆಗೆ, ಭೀಮೆಯ ದಂಡೆಗೆ ಹೋಗಿ ಅವೇ ಮೂರು ಪ್ರಶ್ನೆಗಳನ್ನು ಕೇಳಲಿ: ಇಲ್ಲಿ ಮಳೆಯ ಪೆಟ್ಟನ್ನು ತಡೆಯುವುದು ಯಾವುದು, ನೀರನ್ನು ಒಳಗೆ ಬಿಟ್ಟುಕೊಳ್ಳುವುದು ಯಾವುದು, ಹೊಳೆಯ ನೀರಿನಲ್ಲಿ ಮಣ್ಣೆಷ್ಟು. ಆಳಂದದವರು ಅಮರ್ಜಾದ ದಂಡೆಗೆ ಹೋಗಲಿ, ಜೇವರ್ಗಿಯವರು ತಮ್ಮ ಹತ್ತಿರದ ಹಳ್ಳಕ್ಕೆ ಹೋಗಲಿ. ಮಕ್ಕಳು ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿಸಿ.

ಇಂದು ಒಂಬತ್ತನೆಯ ತರಗತಿಯಲ್ಲಿರುವ ಮಕ್ಕಳು ಇನ್ನು ಐದು ವರ್ಷಕ್ಕೆ ಮತದಾರರು, ಹತ್ತಿಪ್ಪತ್ತು ವರ್ಷಕ್ಕೆ ಪಂಚಾಯಿತಿ ಸದಸ್ಯರು, ರೈತರು, ಎಂಜಿನಿಯರರು, ಗುತ್ತಿಗೆದಾರರು. ಉಸುಕಿನ ಪರವಾನಗಿ, ಕೆರೆಯ ಹೂಳು, ಹಳ್ಳದ ಒತ್ತುವರಿ, ಉದ್ಯೋಗ ಖಾತ್ರಿಯ ಬದು, ಉಜನಿಯ ನೀರಿನ ಮಾತುಕತೆ ಎಲ್ಲವೂ ಅವರ ಮುಂದೆ ಬರುತ್ತವೆ. ಆಗ ಅವರು ಯಾರದೋ ಮಾತಿಗೆ ತಲೆಯಾಡಿಸದೆ, ನೀರು ಹೇಗೆ ನಿಲ್ಲುತ್ತದೆ ಎಂಬ ತಿಳಿವಳಿಕೆಯಿಂದ ತೀರ್ಮಾನ ಮಾಡಬೇಕು. ಆ ತಿಳಿವಳಿಕೆಗೆ ಬುನಾದಿ ಹಾಕುವ ಅಧಿಕಾರ ಯಾವ ಮಂತ್ರಿಗಿಂತಲೂ ಮೊದಲು ನಿಮ್ಮ ಕೈಯಲ್ಲಿದೆ. ಈ ವರ್ಷದ ಪ್ರವಾಸದ ಪಟ್ಟಿ ಅಂತಿಮವಾಗುವ ಮುನ್ನ ಈ ಪತ್ರವನ್ನು ನಿಮ್ಮ ಸಭೆಯಲ್ಲಿ ಒಮ್ಮೆ ಓದಿ, ಚರ್ಚಿಸಿ, ಒಪ್ಪಿಗೆಯಾದರೆ ಆ ಅರ್ಧ ದಿನವನ್ನು ಪಟ್ಟಿಗೆ ಸೇರಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ಭೀಮಾತೀರದ ಮಕ್ಕಳ ಒಳಿತನ್ನು ಬಯಸುವ
ಒಬ್ಬ ಲೇಖಕ